ಬೆನ್ನು ತಿರುಗಿಸಿ ನಿಂತ ಹುಡುಗಿ

ಡಬ್ಬಿಂಗ್ ಸ್ಟುಡಿಯೋದಲ್ಲಿ ಅವಳಿಗೆ ಎಲ್ಲರೂ ಇಟ್ಟ ಹೆಸರು ಬಾಯಿಬಡುಕಿ. ಪರದೆಯ ಮೇಲೆ ಯಾರಾದರೂ ಬೆನ್ನು ತಿರುಗಿಸಿದರೆ ತುಟಿ ಕಾಣುವುದಿಲ್ಲವಲ್ಲ, ಅಲ್ಲೊಂದು ಮಾತು ತುರುಕುವುದು ಆ ಕಸುಬಿನ ರೂಢಿ. ಅದರಲ್ಲಿ ಅವಳದು ಎತ್ತಿದ ಕೈ. ಮಕ್ಕಳ ಪಾತ್ರಗಳಿಗೆ ದನಿ ಕೊಡಲು ಬಂದವಳು ತಲೆ ನರೆಯುವ ಹೊತ್ತಿಗೆ ಡಬ್ಬಿಂಗ್ ನಿರ್ದೇಶಕಿಯಾಗಿದ್ದಳು. ಸ್ಟುಡಿಯೋ ಅವಳ ಅಕ್ಕನ ಗಂಡನದು.

ಒಂದು ಹಳೆಯ ಜಪಾನಿ ಅನಿಮೆ ಕಾರ್ಟೂನು ಸರಣಿ ಡಬ್ಬಿಂಗಿಗೆ ಬಂದಾಗ ಮೊದಲು ನಕ್ಕವಳೂ ಅವಳೇ. ಕತೆಗೆ ತಲೆಬುಡವಿಲ್ಲ. ನಾಯಕ ಓಡುವ ಅದೇ ಚಿತ್ರ ಪ್ರತಿ ಕಂತಿನಲ್ಲೂ ಬರುತ್ತದೆ. ಅವನ ಗಾಯವೋ, ಒಮ್ಮೆ ಬಲಗೆನ್ನೆಯಲ್ಲಿ, ಒಮ್ಮೆ ಎಡಗೆನ್ನೆಯಲ್ಲಿ! ಆದರೆ ನೋಡನೋಡುತ್ತ ಅವಳ ನಗು ನಿಂತಿತು. ಈ ಹರಕು ಬಟ್ಟೆಯನ್ನು ಯಾರೋ ಒಬ್ಬ ನಿರ್ದೇಶಕ ಹಟ ಹಿಡಿದು ಹೊಲಿದಿದ್ದ.

ಒಂದು ಕಂತಿನಲ್ಲಿ ಯುದ್ಧ ಮುಗಿಸಿ ಅಪ್ಪ ಮನೆಗೆ ಬರುತ್ತಾನೆ. ಮಗಳು ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದಾಳೆ. ಚಿತ್ರ ಅಲುಗುವುದೇ ಇಲ್ಲ, ನಲ್ಲಿಯ ಸದ್ದು ಮಾತ್ರ. ಆಮೇಲೆ ಅದೂ ನಿಲ್ಲುತ್ತದೆ. ಅಷ್ಟೇ. ಬಾಯಿಬಡುಕಿಯ ಕಣ್ಣು ತುಂಬಿ ಬಂತು.

ಭಾವ ಅಲ್ಲಿಗೊಂದು ಮಾತು ಬರೆದು ತಂದ. ಸದ್ದಿಲ್ಲದಿದ್ದರೆ ಜನ ಚಾನೆಲ್ ಬದಲಾಯಿಸುತ್ತಾರೆ, ಟೀವಿಯವರು ತನ್ನ ಜೀವ ತಿನ್ನುತ್ತಾರೆ ಎಂದ.

"ಹಾಕಲ್ಲ ಭಾವ."

"ಇಷ್ಟು ವರ್ಷ ಹಾಕಿದ್ಯಲ್ಲ?"

"ಅಲ್ಲೆಲ್ಲ ಏನೂ ಇರ್ಲಿಲ್ಲ, ಹಾಕ್ದೆ. ಇಲ್ಲಿದೆ."

ಹಾಗಾದರೆ ಸರಣಿಯನ್ನು ಬೇರೆಯವರ ಕೈಗೆ ಕೊಡುತ್ತೇನೆಂದ. ಇಂಥದ್ದೊಂದು ಕೆಲಸಕ್ಕಾಗಿ ಆಯುಷ್ಯವೆಲ್ಲ ಕಾದಿದ್ದೆ ಎಂಬುದು ಅವಳಿಗೆ ಆಗಲೇ ಗೊತ್ತಾದದ್ದು. ಆದರೂ ಜಗ್ಗಲಿಲ್ಲ. ಧಾರಾಳವಾಗಿ ಕೊಡಿ, ಅದಕ್ಕೆ ಮೊದಲು ಆ ಮಾತನ್ನು ನೀವೇ ಹೇಳಿ ತೋರಿಸಿ ಎಂದು ಭಾವನನ್ನು ದನಿ ಮುದ್ರಿಸುವ ಗಾಜಿನ ಕೋಣೆಗೆ ಕಳಿಸಿ, ಕಿವಿಗೆ ಹೆಡ್‌ಫೋನು ಹಾಕಿಸಿದಳು.

ಅವನೂ ಹಟಮಾರಿಯೇ. "ಅಪ್ಪಾ, ಬಂದ್ರಾ? ಎಷ್ಟು ಕಾದೆ ಗೊತ್ತಾ?" ಎಂದು ದನಿ ಸಣ್ಣ ಮಾಡಿ ಹೇಳಿಯೇಬಿಟ್ಟ. ಅವಳು ನಗಲಿಲ್ಲ. ದೃಶ್ಯವನ್ನು ಅವನ ದನಿಯ ಸಮೇತ ಮತ್ತೆ ಹಾಕಿದಳು.

ಭಾವ ಕೇಳಿದ. ಇನ್ನೊಮ್ಮೆ ಹಾಕೆಂದ. ಆಮೇಲೆ ಮೆಲ್ಲಗೆ ಹೆಡ್‌ಫೋನು ತೆಗೆದ.

"ನಲ್ಲಿ ನಿಂತಿದ್ದು ಕೇಳಿಸ್ಲೇ ಇಲ್ವಲ್ಲ."

ಅವಳು ದೃಶ್ಯವನ್ನು ಮತ್ತೆ ಮೊದಲಿಗೆ ತಂದು ನಿಲ್ಲಿಸಿದಳು.

"ಅಳಿಸಾಕು," ಎಂದು ಎದ್ದವನು ಬಾಗಿಲ ಬಳಿ ಮತ್ತೆ ನಿಂತ. "ಟೀವಿಯವರು ಕೂಗಾಡಿದ್ರೆ?"

"ನನ್ನ ಹತ್ರ ಕಳ್ಸಿ. ಬಾಯಿಬಡುಕಿ ಅಲ್ವಾ ನಾನು? ಮಾತಾಡ್ತೀನಿ."