ಎಡಗಡೆ ಪ್ಲಸ್ಸಿನ ಬ್ಯಾಟರಿ

ತೊಂಬತ್ತರ ದಶಕದ ನಡುವಿನಲ್ಲಿ ನಮ್ಮ ಮನೆಗೆ ಒಂದು ಸೆಕೆಂಡ್ ಹ್ಯಾಂಡ್ ಕಾರು ಬಂತು. ಓಡಿಸುತ್ತಿದ್ದವಳು ನಾನೊಬ್ಬಳೇ. ಪಾಂಡವಪುರದ ಹತ್ತಿರದ ನಮ್ಮ ಹಳ್ಳಿಯಿಂದ ಬೂಕನಕೆರೆ ಕಡೆಯ ಹೈಸ್ಕೂಲಿಗೆ ಹೋಗಿ ಗಣಿತ ಹೇಳಿಕೊಡಬೇಕಿತ್ತು. ಬಸ್ಸು ಇತ್ತು, ಆದರೆ ಅದು ನನ್ನನ್ನು ಇಳಿಸುವ ಹೊತ್ತಿಗೆ ಎರಡನೇ ಪೀರಿಯಡ್ಡು ಮುಗಿದಿರುತ್ತಿತ್ತು. ಹೆಡ್‌ಮಾಸ್ಟರು ಎರಡು ಸಲ ಬರಹದಲ್ಲಿ ಕಾರಣ ಕೇಳಿದ್ದರು. ಗಂಡ ನಾಗಮಂಗಲದಲ್ಲಿ ನೌಕರಿಯಲ್ಲಿದ್ದು ತಿಂಗಳಿಗೆರಡು ಸಲ ಬರುತ್ತಿದ್ದರು. ಕಾರಿಲ್ಲದಿದ್ದರೆ ನಾನು ಕೆಲಸ ಬಿಡುವುದೊಂದೇ ದಾರಿ.

ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಾರು ಮೊಂಡು ಹಿಡಿಯಿತು. ಕೀ ತಿರುಗಿಸಿದರೆ ಕಟ್ ಕಟ್ ಎಂದು ಸುಮ್ಮನಾಗುತ್ತಿತ್ತು. ಡೈರಿಗೆ ಹಾಲು ಹಾಕಲು ಹೊರಟ ಗಂಡಸರು ಕ್ಯಾನು ಕೆಳಗಿಟ್ಟು ತಳ್ಳುತ್ತಿದ್ದರು, ನಾನು ಒಳಗೆ ಕೂತು ಕ್ಲಚ್ಚು ಬಿಡುತ್ತಿದ್ದೆ. ಜಗಲಿಯ ಮೇಲೆ ನಿಂತ ಮಾವ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದರು. ಆರೈಕೆಯಲ್ಲಿ ನಾನೇನೂ ಕಡಿಮೆ ಮಾಡಿರಲಿಲ್ಲ. ಡಿಸ್ಟಿಲ್ಡ್ ವಾಟರ್ ಹಾಕೋಣವೆಂದು ಬ್ಯಾಟರಿಯ ಬಿರಡೆ ತೆಗೆದರೆ ನೀರು ಯಾವಾಗಲೂ ಬಾಯಿವರೆಗೂ ಇರುತ್ತಿತ್ತು. ನೀರೇ ಕುಡಿಯದ ಒಳ್ಳೆಯ ಬ್ಯಾಟರಿ ಎಂದು ಮುಚ್ಚಿಬಿಡುತ್ತಿದ್ದೆ.

ಕೊನೆಗೆ ಅದು ಪೂರ್ತಿ ಕೈಕೊಟ್ಟಾಗ ಮೈದುನ ಟ್ರಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ಕಾರಿಗೆ ಇಟ್ಟ. ನೇಗಿಲು ಎಳೆಯುವ ಗಾಡಿಯದು, ಈ ಡಬ್ಬ ಯಾವ ಲೆಕ್ಕ ಎಂಬುದು ಅವನ ವಾದ. ಅದು ಬ್ಯಾಟರಿ ಕೂರಿಸುವ ತಟ್ಟೆಗಿಂತ ಅಗಲ, ಇರಬೇಕಾದ್ದಕ್ಕಿಂತ ಎತ್ತರ. ಕ್ಲಾಂಪು ಕೂರದ್ದಕ್ಕೆ ಸೈಕಲ್ ಟ್ಯೂಬಿನಲ್ಲಿ ಬಿಗಿದ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ನಾನೂ ಬೀಗಿದೆ. ನಾಲೆ ಏರಿಯ ಮೇಲೆ ಗಾಡಿ ಒಂದು ಹಳ್ಳಕ್ಕೆ ಬಿದ್ದು ಎದ್ದದ್ದೇ, ಬ್ಯಾಟರಿ ಎಗರಿ ಅದರ ಪ್ಲಸ್ಸಿನ ಕಂಬ ಬಾನೆಟ್ಟಿಗೆ ತಾಗಿ ಪಟಪಟ ಕಿಡಿ ಹಾರಿತು. ರಬ್ಬರು ಸುಟ್ಟ ಹೊಗೆ. ಕಬ್ಬಿನ ಗಾಡಿಯವನೊಬ್ಬ ಎತ್ತು ನಿಲ್ಲಿಸಿ, ಕೈಗೆ ಟವಲು ಸುತ್ತಿಕೊಂಡು ವೈರು ಕಿತ್ತ.

ಅವತ್ತು ಸಂಜೆ ಮಾವ ನನ್ನನ್ನು ಕರೆದು, "ಸಾಕು ಕಣವ್ವ ಈ ಗಾಡಿ ಸವಾಸ. ಭಾನ್ವಾರ ಕೆ.ಆರ್. ಪೇಟೆಯೋರು ನೋಡಾಕೆ ಬತ್ತಾವ್ರೆ. ಕೊಟ್ಬುಡನ" ಅಂದರು. ಅಷ್ಟರೊಳಗೆ ಸರಿಯಾದ ಬ್ಯಾಟರಿ ತಂದು ಹಾಕಿದರೆ ಎಂದು ಕೇಳಿದೆ. ಅವರು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಒಳಗೆ ಹೋದರು.

ಶನಿವಾರ ಅರ್ಧ ದಿನದ ಶಾಲೆ. ಬಂದವಳೇ ಬ್ಲೌಸ್ ಅಳೆಯುವ ಟೇಪು ತೆಗೆದುಕೊಂಡು ಬಾನೆಟ್ಟಿನೊಳಗೆ ತಲೆ ಹಾಕಿದೆ. ತಟ್ಟೆಯ ಉದ್ದ, ಅಗಲ, ಬಾನೆಟ್ಟಿಗೆ ತಾಗದಂತೆ ಎಷ್ಟು ಎತ್ತರ ಇರಬಹುದು, ಎಲ್ಲ ಬರೆದುಕೊಂಡೆ. ಹಳೆಯ ಬ್ಯಾಟರಿಯ ವೈರು ಸಿಕ್ಕಿಸುವ ಕಂಬಗಳನ್ನು ನನ್ನ ಕಡೆ ತಿರುಗಿಸಿಟ್ಟು ನೋಡಿದರೆ ಪ್ಲಸ್ಸು ಎಡಕ್ಕಿತ್ತು. ಅದನ್ನೂ ಬರೆದೆ. ಯಾವ ಕಲರ್ ಬ್ಲೌಸು ಹೊಲಿಸ್ತೀರಿ ಅತ್ತಿಗೆ ಎಂದು ಮೈದುನ ನಕ್ಕ. ಹಳೆಯ ಬ್ಯಾಟರಿಯನ್ನು ಗೋಣಿಚೀಲದಲ್ಲಿಟ್ಟು ಹಾಲಿನ ವ್ಯಾನಿನಲ್ಲಿ ಪಾಂಡವಪುರಕ್ಕೆ ಹೋದೆ.

ಬಸ್ ಸ್ಟ್ಯಾಂಡಿನ ಹಿಂದೆ ವಯಸ್ಸಾದ ಸಾಬರೊಬ್ಬರ ಬ್ಯಾಟರಿ ಅಂಗಡಿ. ಜೊತೆಗೆ ಗಂಡಸು ಯಾರಾದರೂ ಬಂದಿದ್ದಾರೆಯೇ ಎಂದು ಅವರು ಮೊದಲು ನನ್ನ ಬೆನ್ನ ಹಿಂದೆ ನೋಡಿದರು. ಆಮೇಲೆ ಚೀಟಿ ಓದಿದರು. ತಂದಿಟ್ಟ ಮೊದಲನೆಯದು ಅಳತೆಗೆ ಸರಿಯಾಗಿತ್ತು, ಆದರೆ ಪ್ಲಸ್ಸು ಬಲಕ್ಕೆ. ತಿರುಗಿಸಿ ಇಟ್ಟರಾಯಿತು ಅಂದರು. ತಿರುಗಿಸಿದರೆ ಕಂಬ ಆ ತುದಿಗೆ ಹೋಗುತ್ತದೆ, ನಮ್ಮ ವೈರು ಅಲ್ಲಿಗೆ ಎಟುಕುವುದಿಲ್ಲ, ಎಳೆದು ಕಟ್ಟಿದರೆ ಇನ್ನೊಂದು ಹಳ್ಳದಲ್ಲಿ ಕಿತ್ತು ಬರುತ್ತದೆ ಅಂದೆ. ಅವರು ಚೀಟಿಯನ್ನು ಇನ್ನೊಮ್ಮೆ ಓದಿ, ಒಳಗಿನಿಂದ ಎಡಗಡೆ ಪ್ಲಸ್ಸಿನದನ್ನೇ ಹುಡುಕಿ ತಂದರು. ಒಂಬತ್ತು ಪ್ಲೇಟಿನದು, ಪೆಟ್ರೋಲ್ ಗಾಡಿಗೆ ಅದಕ್ಕಿಂತ ದೊಡ್ಡದು ಬೇಕಿಲ್ಲ ಅಂದರು. ಅದನ್ನು ಚಾರ್ಜಿಗೆ ಹಾಕಿ, ಬದಲಿಗೆ ತೆಗೆದುಕೊಳ್ಳಲೆಂದು ನನ್ನ ಹಳೆಯದರ ಬಿರಡೆ ಬಿಚ್ಚಿದರು.

"ಇದ್ಕೆ ಏನ್ ನೀರು ಹಾಕಿದ್ರಿ ಅಮ್ಮ?"

ನನಗೆ ಕೋಪ ಮೂಗಿನ ತುದಿಯಲ್ಲೇ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಹಾಕಿಲ್ಲ ಎಂದು ದಬಾಯಿಸಿದೆ. ಅವರು ಕಡ್ಡಿಯಿಂದ ಒಳಗೆ ಕೆದಕಿ, ಏನನ್ನೋ ಎತ್ತಿ ಕಾಗದದ ಮೇಲಿಟ್ಟರು. ಸುಟ್ಟು ಕಪ್ಪಾದ ಎರಡು ಎಲೆ ಚೂರು, ಒಂದು ಲವಂಗ. ತುಳಸಿ. ಪ್ರತಿ ಶನಿವಾರ ಶ್ರೀರಂಗಪಟ್ಟಣದ ಬಸ್ಸು ಹಿಡಿದು, ಕರಿಘಟ್ಟ ಹತ್ತಿ, ಕೆಮ್ಮಿನ ಔಷಧಿಯ ಖಾಲಿ ಬಾಟಲಿಯಲ್ಲಿ ತೀರ್ಥ ತರುವವರು ನಮ್ಮ ಮನೆಯಲ್ಲಿ ಮಾವ ಒಬ್ಬರೇ. ಸಾಬರಿಗೂ ಅರ್ಥವಾಗಿರಬೇಕು. "ದೇವ್ರ ನೀರಲ್ಲಿ ತಪ್ಪಿಲ್ಲ ಅಮ್ಮ. ಬ್ಯಾಟ್ರಿಗೆ ಆಗಲ್ಲ, ಅಷ್ಟೇ" ಅಂದರು.

ದಾರಿಯುದ್ದಕ್ಕೂ ನಾನು ಕುದಿಯುತ್ತಿದ್ದೆ. ಕೆಡಿಸುವುದೂ ಅವರೇ, ಕೆಟ್ಟಿದೆ ಎಂದು ಮಾರುವುದೂ ಅವರೇ. ಸಂಜೆ ಬ್ಯಾಟರಿ ತಟ್ಟೆಯಲ್ಲಿ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು, ಕ್ಲಾಂಪೂ ಬಿಗಿಯಿತು, ಕಾರು ಸ್ಟಾರ್ಟ್ ಆಯಿತು. ನಾನು ಯಾರಿಗೂ ಏನೂ ಹೇಳಲಿಲ್ಲ. ಕೆ.ಆರ್. ಪೇಟೆಯವರು ಬರಲಿ, ಅವರ ಎದುರಿಗೇ ಹೇಳಿ ಮಾವನ ಬಾಯಿ ಮುಚ್ಚಿಸುತ್ತೇನೆ ಎಂದು ಮಾತು ಜೋಡಿಸಿಕೊಂಡು ಮಲಗಿದೆ.

ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಹೊರಗೆ ಬಂದರೆ ಬಾನೆಟ್ಟು ತೆರೆದಿತ್ತು. ಸ್ನಾನ ಮಾಡಿ ನಾಮ ಇಟ್ಟುಕೊಂಡ ಮಾವ ಬಾಟಲಿಯನ್ನು ಕಂಕುಳಲ್ಲಿಟ್ಟು, ಹೊಸ ಬ್ಯಾಟರಿಯ ಬಿಗಿಯಾದ ಬಿರಡೆಯನ್ನು ನಾಣ್ಯದಿಂದ ತಿರುಗಿಸಲು ಹೆಣಗುತ್ತಿದ್ದರು.

"ಇವತ್ತು ಮಾರೋ ಗಾಡಿಗೂ ಹಾಕ್ಬೇಕಾ ಮಾವ?" ಅಂದೆ.

ಅವರು ಬೆಚ್ಚಿದರು. "ಮಾರೋಗಂಟ ನೀನೇ ಅಲ್ವಾ ಓಡ್ಸೋಳು? ನಾಲೆ ಏರಿ ಮ್ಯಾಲೆ ಒಬ್ಳೇ ಓಯ್ತೀಯ. ಗಾಡಿ ತಂದ ದಿನದಿಂದ ಆಕ್ತಾವ್ನಿ ಕಣವ್ವ. ನಿಂಗೇನೂ ಆಗ್ದಿರ್ಲಿ ಅಂತ."

ಜೋಡಿಸಿಕೊಂಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ. ನನಗೆ ನಾಚಿಕೆಯಾಯಿತು. ಆದರೂ ಅಂಗಡಿಯಲ್ಲಿ ಕಂಡದ್ದನ್ನು ಮೆಲ್ಲಗೆ ಹೇಳಿದೆ, ಹೇಳದೆ ವಿಧಿಯಿರಲಿಲ್ಲ. ಅವರು ಬಾಟಲಿಯನ್ನೇ ನೋಡುತ್ತಾ ನಿಂತರು. ನಾನು ಬಾನೆಟ್ಟು ಮುಚ್ಚಿ ಅವರ ಮುಂದೆ ಬಲಗೈ ಚಾಚಿದೆ.

"ಗಾಡಿಗೆ ಬೇಡ ಮಾವ. ನಂಗೆ ಕೊಡಿ."

ಮದುವೆಯಾಗಿ ಬಂದ ಮೇಲೆ ನಾನಾಗಿ ತೀರ್ಥಕ್ಕೆ ಕೈ ಒಡ್ಡಿದ್ದು ಅದೇ ಮೊದಲು. ಅವರು ಮೂರು ಸಲಕ್ಕೆ ನಿಲ್ಲಿಸಲಿಲ್ಲ, ಬಾಟಲಿ ಖಾಲಿಯಾಗುವವರೆಗೂ ಹಾಕಿದರು, ನಾನೂ ಕುಡಿದೆ.

ಹತ್ತು ಗಂಟೆಗೆ ಕೆ.ಆರ್. ಪೇಟೆಯವರು ಬಂದರು. ಮಾವ ಅವರಿಗೆ ಕಾಫಿ ಕೊಡಿಸಿ, ಬೆಳೆಯ ಮಾತಾಡಿ, ಗಾಡಿ ಕೊಡುವುದಿಲ್ಲ ಅಂದುಬಿಟ್ಟರು. ಕೆಟ್ಟು ನಿಲ್ಲುತ್ತದೆ ಎಂದು ಹೇಳಿ ಕಳಿಸಿದವರು ನೀವೇ ಅಲ್ಲವೇ ಎಂದು ಬಂದವರು ಕೇಳಿದರು. ನಾನು ಲೋಟ ತೆಗೆಯಲು ಬಂದವಳು ಬಾಗಿಲಲ್ಲೇ ನಿಂತೆ.

"ಗಾಡಿ ಸರಿಯಾಗೇ ಐತೆ. ನಮ್ ಸೊಸೆ ಸರಿಯಾಗೇ ನೋಡ್ಕಂಡವ್ಳೆ" ಅಂದರು ಮಾವ. "ಕೆಡಿಸ್ತಿದ್ದೋನು ನಾನು."