ಟೆಸ್ಟರ್ ಮಾವನ ಕೆಂಪು ಮುಖ

ಇವತ್ತು ಬೆಳಿಗ್ಗೆ ಮಾಲೂರಿನಲ್ಲಿರುವ ನನ್ನ ಔಷಧಿ ಅಂಗಡಿಯ ಬಾಗಿಲು ತೆಗೆದು ಇನ್ನೂ ಕಸ ಗುಡಿಸಿರಲಿಲ್ಲ, ಒಬ್ಬ ಹೆಣ್ಣುಮಗಳು ಬಂದು ಖಾಲಿ ಟ್ಯೂಬೊಂದನ್ನು ಗಾಜಿನ ಮೇಲಿಟ್ಟಳು. ಹಿಂಡಿ ಹಿಂಡಿ ಚಪ್ಪಟೆಯಾಗಿತ್ತು. "ಇಂಥದ್ದೇ ಇನ್ನೊಂದು ಕೊಡಿ ಅಕ್ಕಾ. ಪಕ್ಕದ್ಮನೆಯವ್ರು ಕೊಟ್ಟಿದ್ರು, ಮುಖಕ್ಕೆ ಚೆನ್ನಾಗಿ ಕೇಳ್ತು" ಎಂದಳು. ಅವಳ ಕೆನ್ನೆ, ಮೂಗು ಎರಡೂ ಕೆಂಪಗಿದ್ದವು. ಆ ಟ್ಯೂಬಿನ ವಾಸನೆ ನನಗೆ ಚೆನ್ನಾಗಿ ಗೊತ್ತು. ಮೂಸಿ ನೋಡುವ ಅಗತ್ಯವಿರಲಿಲ್ಲ, ಆದರೂ ಮುಚ್ಚಳ ತೆಗೆದು ಮೂಸಿದೆ. ಅಲ್ಲಿಗೆ ನನ್ನ ಬೆಳಗು ಕೆಟ್ಟಿತು. ಯಾಕೆ ಕೆಟ್ಟಿತೆಂದು ನಿಮಗೆ ಹೇಳಬೇಕಾದರೆ ನನ್ನ ಸೋದರಮಾವನ ಮುಖದ ಕತೆ ಹೇಳಬೇಕು.

ಮಾವ ವಕ್ಕಲೇರಿ ಕಡೆಯ ನಮ್ಮೂರಿನ ಹಾಲಿನ ಡೈರಿಯಲ್ಲಿ ಟೆಸ್ಟರ್ ಆಗಿದ್ದರು. ಮನೆಮನೆಯಿಂದ ಬಂದ ಹಾಲಿನಲ್ಲಿ ಒಂದಿಷ್ಟು ತೆಗೆದು, ಫ್ಯಾಟ್ ಎಷ್ಟು, ನೀರೆಷ್ಟು ಎಂದು ನೋಡಿ ಹೇಳುವ ಕೆಲಸ. ಇಂಥವರಿಗೆ ಊರಿನಲ್ಲಿ ಸ್ನೇಹಿತರು ಕಡಿಮೆ. ಮದುವೆ ಊಟಕ್ಕೆ ಕೂತರೆ ಮಜ್ಜಿಗೆ ಬಡಿಸುವವರು ಸಹ, "ನೋಡ್ಬಿಟ್ಟು ಹೇಳಪ್ಪಾ, ಇದ್ರಲ್ಲಿ ನೀರೆಷ್ಟು" ಎಂದು ಚುಚ್ಚುತ್ತಿದ್ದರು. ಮಾವ ನಗುತ್ತಿದ್ದರು, ಆದರೆ ಮರುದಿನ ಅದೇ ಮನೆಯ ಹಾಲನ್ನು ಕಿಂಚಿತ್ತೂ ರಿಯಾಯಿತಿಯಿಲ್ಲದೆ ಟೆಸ್ಟ್ ಮಾಡುತ್ತಿದ್ದರು.

ನಲವತ್ತು ದಾಟಿದ ಮೇಲೆ ಅವರ ಮುಖ ಕೆಂಪಾಗತೊಡಗಿತು. ಮೊದಲು ಮೂಗಿನ ಅಕ್ಕಪಕ್ಕ, ಆಮೇಲೆ ಕೆನ್ನೆ. ಬರುಬರುತ್ತಾ ಸಣ್ಣ ಗುಳ್ಳೆಗಳೆದ್ದವು, ಎಳೆ ಎಳೆಯಾಗಿ ನರಗಳು ಕಾಣಿಸಿಕೊಂಡವು. ಮಾವ ಜೀವಮಾನದಲ್ಲಿ ಒಂದು ತೊಟ್ಟು ಹೆಂಡ ಮುಟ್ಟಿದವರಲ್ಲ. ಆದರೆ ಕೆಂಪು ಮೂಗಿಗೆ ಊರಿಗೆ ತಿಳಿದಿರುವುದು ಒಂದೇ ಕಾರಣ. ಫ್ಯಾಟ್ ಕಡಿಮೆ ಬಂದವರೆಲ್ಲ, "ಏರಿದ್ದು ಇನ್ನೂ ಇಳ್ದಿಲ್ಲ ಅವ್ನಿಗೆ, ಮಿಷನ್ನು ಎರಡೆರಡು ಕಾಣುತ್ತೆ" ಎನ್ನತೊಡಗಿದರು. ಡೈರಿಯ ಮುಂದಿನ ವಾರ್ಷಿಕ ಸಭೆಯಲ್ಲಿ ಟೆಸ್ಟರನ್ನು ಬದಲಾಯಿಸಬೇಕೆಂಬ ಮಾತು ಹುಟ್ಟಿತು. ಮಾವನಿಗಿದ್ದದ್ದು ಅದೊಂದು ಕೆಲಸ, ಮತ್ತು ಆ ಕೆಲಸದಿಂದ ಬಂದ ಹೆಸರು.

ಇಲ್ಲಿ ನನ್ನ ಪ್ರವೇಶ. ಆಗ ನಾನು ಕೋಲಾರದಲ್ಲಿ ಡಿ.ಫಾರ್ಮಾ ಮೊದಲ ವರ್ಷ ಓದುತ್ತಿದ್ದೆ. ಕಾಲೇಜಿನ ಬಿಳಿ ಕೋಟನ್ನು ಬಸ್ಸಿನಲ್ಲೂ ಬಿಚ್ಚದೆ ಊರಿಗೆ ಬರುತ್ತಿದ್ದೆ ಎಂದರೆ ನನ್ನ ಆಗಿನ ಸ್ಥಿತಿ ನಿಮಗೆ ಅರ್ಥವಾದೀತು. ಹಾಸ್ಟೆಲಿನಲ್ಲಿ ಎಲ್ಲರೂ ಗುಳ್ಳೆಗೆ, ಕಡಿತಕ್ಕೆ, ಬೆಳ್ಳಗಾಗುವುದಕ್ಕೆ ಹಚ್ಚಿಕೊಳ್ಳುತ್ತಿದ್ದ ಟ್ಯೂಬೊಂದನ್ನು ತಂದುಕೊಟ್ಟು, "ಹಚ್ಕೊಳ್ಳಿ ಮಾವ, ನಾನು ಓದ್ತಿರೋದೇ ಇದನ್ನ" ಎಂದೆ. ನಾಲ್ಕೇ ದಿನದಲ್ಲಿ ಕೆಂಪು ಮಾಯವಾಯಿತು. ಅತ್ತೆ ನನಗೆಂದೇ ಒಬ್ಬಟ್ಟು ಮಾಡಿದರು, ನಾನು ನಾಚಿಕೆಯಿಲ್ಲದೆ ಐದು ತಿಂದೆ. ಆ ಟ್ಯೂಬಿನಲ್ಲಿದ್ದದ್ದು ಸ್ಟೀರಾಯ್ಡ್, ಮುಖಕ್ಕೆ ಅದನ್ನು ಹಾಗೆ ಹಚ್ಚಬಾರದು ಎಂಬ ಪಾಠ ಎರಡನೇ ವರ್ಷದ್ದು. ಮಾವನ ಮುಖ ಅಲ್ಲಿಯವರೆಗೆ ಕಾಯಲಿಲ್ಲ. ಕೆಲವು ತಿಂಗಳಲ್ಲಿ, ಒಂದು ದಿನ ಹಚ್ಚದಿದ್ದರೂ ಮುಖ ಉರಿಯುತ್ತಿತ್ತು, ಮೊದಲಿಗಿಂತ ಎರಡರಷ್ಟು ಕೆಂಪಾಗುತ್ತಿತ್ತು.

ಕೊನೆಗೆ ಕೋಲಾರದ ಚರ್ಮದ ಡಾಕ್ಟರ ಬಳಿ ಹೋದೆವು. ಅವರು ಮಾವನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿ, "ಇದು ರೊಸೇಶಿಯಾ, ಮುಖ ಕೆಂಪಾಗೋ ಚರ್ಮದ ಕಾಯಿಲೆ. ಅಂಟುಜಾಡ್ಯ ಅಲ್ಲ, ಕುಡಿತಕ್ಕೆ ಬರೋದೂ ಅಲ್ಲ. ಪೂರ್ತಿ ಹೋಗಲ್ಲ, ಆದರೆ ಹತೋಟಿಗೆ ಬರುತ್ತೆ. ಈ ಟ್ಯೂಬ್ ಯಾರು ಕೊಟ್ಟಿದ್ದು?" ಎಂದರು. ನಾನು ಗೋಡೆಯ ಮೇಲಿದ್ದ ಚರ್ಮದ ಚಿತ್ರ ನೋಡುತ್ತಿದ್ದೆ. "ನಾನೇ ತಗೊಂಡೆ ಡಾಕ್ಟ್ರೇ" ಎಂದರು ಮಾವ.

ಟ್ಯೂಬು ಬಿಟ್ಟರೆ ಕೆಲವು ವಾರ ಇನ್ನೂ ಕೆಡುತ್ತದೆ, ತಡೆದುಕೊಳ್ಳಬೇಕು ಎಂದು ಹೇಳಿ ಡಾಕ್ಟರು ಬೇರೆ ಜೆಲ್ಲು, ಮಾತ್ರೆ, ಬಿಸಿಲಿಗೆ ಹಚ್ಚುವ ಕ್ರೀಮು ಬರೆದುಕೊಟ್ಟರು. ಬಿಸಿಲು, ಸುಡುವ ಕಾಫಿ, ಖಾರ, ಒಲೆಯ ಹಬೆ, ಕೋಪ, ಇವುಗಳಲ್ಲಿ ಯಾವುದು ನಿಮಗೆ ಆಗುವುದಿಲ್ಲವೋ ಗಮನಿಸಿ ಎಂದರು. ಮನೆಗೆ ಬಂದ ಕೂಡಲೇ ಅತ್ತೆ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಲು ಹೊರಟರು. ಮಾವ ಒಪ್ಪಲಿಲ್ಲ.

"ಎಲ್ರ ಹಾಲೂ ಒಂದೇ ಕ್ಯಾನಿಗೆ ಸುರಿದ್ಮೇಲೆ ಟೆಸ್ಟ್ ಮಾಡಿದ್ರೆ, ನೀರು ಹಾಕಿದ್ದು ಯಾರು ಅಂತ ಹೆಂಗೆ ಗೊತ್ತಾಗುತ್ತೆ? ಒಂದೊಂದೇ ನೋಡ್ಬೇಕು."

ಹಾಗೆಯೇ ನೋಡಿದರು. ಒಂದು ವಾರ ಕೊಡೆಯಿಲ್ಲದೆ ಬಿಸಿಲಿಗಿಳಿಯಲಿಲ್ಲ, ಒಂದು ವಾರ ಕಾಫಿ ಆರಿಸಿ ಕುಡಿದರು, ಮತ್ತೊಂದು ವಾರ ಹಸಿಮೆಣಸಿನಕಾಯಿ ಬಿಟ್ಟರು, ಇನ್ನೊಂದು ವಾರ ಮುದ್ದೆ ತಿರುವುವ ಅತ್ತೆಯ ಪಕ್ಕ ಕೂರುವುದನ್ನು ಬಿಟ್ಟರು. ತಪ್ಪಿತಸ್ಥರು ಸಿಕ್ಕರು: ಬಿಸಿಲು, ಹಬೆ, ಸುಡುವ ಕಾಫಿ. ಖಾರ ನಿರಪರಾಧಿ ಎಂದು ತಿಳಿದ ದಿನ ಹುರುಳಿ ಸಾರಿಗೆ ಎರಡು ಮೆಣಸಿನಕಾಯಿ ಹೆಚ್ಚಿಗೆ ಹಾಕಿಸಿಕೊಂಡರು. ಕೋಪವನ್ನು ಮಾತ್ರ ಟೆಸ್ಟ್ ಮಾಡಲಾಗಲಿಲ್ಲ, ಡೈರಿಯಲ್ಲಿ ಕೋಪವಿಲ್ಲದ ವಾರವೇ ಸಿಗಲಿಲ್ಲವಂತೆ.

ಆದರೆ ವಾರ್ಷಿಕ ಸಭೆ ಬಂದದ್ದು ಇದೆಲ್ಲ ಮುಗಿಯುವ ಮುಂಚೆ, ಟ್ಯೂಬು ಬಿಟ್ಟ ಮೂರನೇ ವಾರದಲ್ಲಿ. ಮುಖ ಊದಿ, ಕೆಂಪಾಗಿ, ನೋಡಲಾಗುತ್ತಿರಲಿಲ್ಲ. ನಾನು ಮೆಲ್ಲಗೆ, "ಮಾವ, ಸಭೆಗೋಸ್ಕರ ನಾಲ್ಕೇ ದಿನ ಹಚ್ಕೊಂಡ್ಬಿಡಿ, ಆಮೇಲೆ ಬಿಟ್ರಾಯ್ತು" ಎಂದೆ. ಎರಡನೇ ಸಲವೂ ಆ ತಪ್ಪಿಗೆ ಸಿದ್ಧಳಾಗಿದ್ದೆ, ನೋಡಿ.

"ನಾಲ್ಕು ದಿನದ ಮುಖ ಇಟ್ಕೊಂಡು ಏನ್ ಮಾಡ್ಲಿ ಕಣೇ? ಹಿಂಗೇ ಹೋಗ್ತೀನಿ."

ಹಾಗೇ ಹೋದರು. ಎಲ್ಲರ ಮುಂದೆ ನಿಂತು, "ಇದು ಚರ್ಮದ ಕಾಯಿಲೆ. ತಪ್ಪು ಔಷಧಿ ಹಚ್ಕೊಂಡು ನಾನೇ ಕೆಡಿಸ್ಕೊಂಡೆ. ಕುಡ್ದಿದೀನಿ ಅನ್ನೋರು ಇಲ್ಲೇ ಬಂದು ನನ್ನ ಬಾಯಿ ಮೂಸಿ ನೋಡ್ಲಿ" ಎಂದರು. ಅತಿ ಹೆಚ್ಚು ದೂರಿದ್ದ ಮುದುಕ ನಿಜವಾಗಿಯೂ ಎದ್ದು ಬಂದ. ಮೂಗು ಹತ್ತಿರ ತಂದು ಎರಡೆರಡು ಸಲ ಮೂಸಿ, "ಏಮೀ ಲೇದಪ್ಪಾ, ಏನೂ ಇಲ್ಲ, ಬರೀ ಈರುಳ್ಳಿ ವಾಸ್ನೆ" ಎಂದ. ಸಭೆ ನಕ್ಕಿತು, ಮಾವನೂ ನಕ್ಕರು. ಕೆಲಸ ಉಳಿಯಿತು. ಹೆಂಗಸರ ಸಾಲಿನಲ್ಲಿ ಕೂತಿದ್ದ ನಾನು ಎದ್ದು, ಕೊಟ್ಟವಳು ನಾನು ಎಂದು ಹೇಳಬೇಕಿತ್ತು. ಸೆರಗಿನ ಅಂಚು ತಿರುವುತ್ತಾ ಕೂತೆ. ಅದು ಈಗಲೂ ನನ್ನನ್ನು ಚುಚ್ಚುತ್ತದೆ. ವರ್ಷ ತುಂಬುವುದರೊಳಗೆ ಅವರ ಮುಖ ತಿಳಿಯಾಯಿತು. ನನ್ನ ತಪ್ಪನ್ನು ಅವರು ಒಂದು ದಿನವೂ ಎತ್ತಿ ಆಡಲಿಲ್ಲ.

ಅಂಗಡಿ ಇಟ್ಟ ಮೇಲೆ ಡಾಕ್ಟರ ಚೀಟಿಯಿಲ್ಲದೆ ಆ ಟ್ಯೂಬನ್ನು ನಾನು ಯಾರಿಗೂ ಕೊಟ್ಟಿಲ್ಲ. ಆದರೆ ಕೇಳಿದವರಿಗೆಲ್ಲ "ಸ್ಟಾಕ್ ಇಲ್ಲ" ಎಂದು ಸುಳ್ಳು ಹೇಳಿ ಕಳಿಸುತ್ತಿದ್ದೆ, ಅವರು ಪಕ್ಕದ ಅಂಗಡಿಗೆ ಹೋಗುತ್ತಿದ್ದರು. ಇವತ್ತೂ ಅದೇ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

"ಇದೆ, ಆದ್ರೆ ಕೊಡಲ್ಲ" ಎಂದೆ.

ಅವಳ ಮುಖ ಇನ್ನಷ್ಟು ಕೆಂಪಾಯಿತು. "ಯಾಕೆ? ಬೇರೆ ಕಡೆ ತಗೋತೀನಿ ಬಿಡಿ."

ಸ್ಟೂಲು ಎಳೆದು ಅವಳ ಮುಂದಿಟ್ಟೆ. "ತಗೊಳ್ಳುವಿರಂತೆ. ಅದಕ್ಕೆ ಮುಂಚೆ ಐದು ನಿಮಿಷ ಕೂತ್ಕೊಳ್ಳಮ್ಮಾ. ಇದೇ ಟ್ಯೂಬು ಕೊಟ್ಟು ನಮ್ಮ ಮಾವನ ಮುಖ ಹಾಳು ಮಾಡಿದ್ದು ನಾನು."

ಅವಳು ಕೂತಳು.