ಮೊದಲ ಕುಯ್ಲಿನ ಕುದುರೆ ಮಸಾಲೆ

ಶ್ರಾವಣ ಸೋಮವಾರದ ಬೆಳಗು. ಚಿತ್ತವಾಡ್ಗಿಯ ನಮ್ಮ ಮನೆಯಲ್ಲಿ ಯಜಮಾನರ ಬುತ್ತಿಗೆ ರೊಟ್ಟಿ ಬಡಿಯುತ್ತಿದ್ದೆ. ಆಗ ನನ್ನ ತವರು ಮೆಟ್ರಿಯಿಂದ ಫೋನ್ ಬಂತು. ಮಾತಾಡಿದವಳು ತಮ್ಮನ ಹೆಂಡತಿ.

"ಅಕ್ಕಾ, ಆಕಳು ಹೊಟ್ಟಿ ಉಬ್ಬಿ ಮಕ್ಕೊಂಡೈತಿ. ಏಳವಲ್ದು. ದನದ ಡಾಕ್ಟರ್ ಹೊಂಟಾರಂತ."

"ಏನ್ ತಿಂದಿತ್ತು?"

"ಕುದುರಿ ಮಸಾಲಿ ಸೊಪ್ಪು. ಮೊದಲ ಕುಯ್ಲು ಅಂತ ಅತ್ತಿ..." ಎಂದು ತಡವರಿಸಿದಳು.

ಹಿಂದಿನಿಂದ ಅವ್ವನ ದನಿ ಕೇಳಿತು: "ನಾನ ಹಾಕೀನಿ, ಹೇಳವಾ. ಯಾಕ ಮುಚ್ಚತಿ?"

ಹೊಲದಲ್ಲಿ ಹೊಸದಾಗಿ ಏನೇ ಬೆಳೆದರೂ ಮೊದಲ ಹಿಡಿ ಆಕಳಿಗೆ ಸಲ್ಲಬೇಕು, ಅದು ನಮ್ಮ ಮನೆಯ ರೂಢಿ. ಈ ಸಲ ತಮ್ಮ ಕಾಲುವೆ ಬದಿಯ ತುಂಡಿಗೆ ಕುದುರೆ ಮಸಾಲೆ ಎಂಬ ಮೇವಿನ ಬೆಳೆ ಹಾಕಿದ್ದ. ನೋಡಲು ಮೆಂತ್ಯದ ಹಾಗೆ, ಕುಲವೂ ಅದರಂತೆ ದ್ವಿದಳದ್ದೇ. ನಮಗೆ ಬೇಳೆ ಹೇಗೋ ದನಕ್ಕೆ ಇದು ಹಾಗೆ, ಪ್ರೋಟೀನೂ ಎಲುಬಿಗೆ ಬೇಕಾದ ಸುಣ್ಣವೂ ಎಲೆಯಲ್ಲೇ ಇದೆ, ಕರು ಹಾಕಿದ ಆಕಳಿಗೆ ಹಾಲೇರುತ್ತದೆ ಎಂದು ಅವ್ವನಿಗೆ ತಿಳಿಸಿದ್ದ. ಅವ್ವ ಅದನ್ನು ಪ್ರಸಾದದಂತೆ ತಿಳಿದಳು. ಪ್ರಸಾದಕ್ಕೆ ಮುಂಚೆ ಬಾಯಿಗೆ ಬೇರೇನೂ ಹೋಗಬಾರದಲ್ಲ! ತನ್ನ ಸೋಮವಾರದ ಉಪವಾಸದ ಜೊತೆ ಆಕಳಿಗೂ ಜೋಳದ ಒಣದಂಟಿನ ಕಣಿಕೆ ಹಾಕದೆ, ಮೈ ತೊಳೆದು, ಕುಂಕುಮ ಇಟ್ಟು, ಇಬ್ಬನಿ ಆರದ ಎಳೆ ಸೊಪ್ಪನ್ನು ತಬ್ಬುವಷ್ಟು ತಂದು ಮುಂದೆ ಸುರಿದಿದ್ದಳು. ಹಸಿದ ಜೀವ, ಬಿಡುತ್ತದೆಯೇ?

"ಫೋನ್ ಇಡಬ್ಯಾಡವಾ, ಹಂಗ ಇರಲಿ" ಎಂದು ಹೇಳಿ, ಸ್ಪೀಕರ್ ಹಾಕಿ ಅದನ್ನು ದೇವರ ಗೂಡಿನಲ್ಲಿಟ್ಟೆ.

ಒಲೆ ಆರಿಸಿ ಕಣ್ಣು ಮುಚ್ಚಿ ಕುಳಿತೆ. ತವರಿನ ಅಂಗಳ ನನ್ನ ಅಡುಗೆಮನೆಯೊಳಗೆ ನಿಧಾನವಾಗಿ ಹರಿದು ಬಂತು. ಕರುವಿನ ಕೂಗು, ಗುಬ್ಬಿಗಳ ಗದ್ದಲ, ಆಕಳ ಬೆನ್ನು ಸವರುವ ಅವ್ವನ ಬಳೆ ಸದ್ದು. ಹಸಿ ಸೊಪ್ಪಿನ ವಾಸನೆಯೂ ಬಂದಂತಾಯಿತು, ಫೋನಿನಲ್ಲಿ ವಾಸನೆ ಬರುವುದುಂಟೆ? ಆಕಳ ಎಳೆದ ಉಸಿರು ಹತ್ತಿರ ಬಂದು, ದೂರ ಹೋಗಿ, ನಾನೇ ಆ ಉಸಿರಿನ ಮೇಲೆ ತೇಲುತ್ತಿರುವಂತೆ ಅನಿಸಿತು.

"ನನ್ನ ಕೈಯಾರೆ ಗೋವು ಹೋದ್ರ ಯಾ ನೀರಾಗ ಮುಳುಗ್ಲಿ ತಾಯೀ?" ಎಂದು ಅವ್ವ ಗೊಣಗುತ್ತಿದ್ದಳು. ಹಂಪಿ ವಿರೂಪಾಕ್ಷಾ, ಆ ಮುದುಕಿಯ ಕೈಗೆ ಈ ಪಾಪ ಅಂಟಿಸಬೇಡ ಎಂದು ನಾನಿಲ್ಲಿ ಬೇಡಿಕೊಂಡೆ.

ಬೈಕು ನಿಂತ ಸದ್ದಾಯಿತು. ಪೈಪು ತರ್ರಿ, ಬಾಯಿ ಹಿಡೀರಿ, ಎಣ್ಣಿ ಎಲ್ಲೈತಿ ಎಂಬ ಗಡಿಬಿಡಿ. ಆಮೇಲೆ ಆಕಳ ಹೊಟ್ಟೆಯ ಗಾಳಿ ಪೈಪಿನಿಂದ ಹೊರಬಿದ್ದು, ಬಸ್ಸು ಗಾಳಿ ಬಿಟ್ಟ ಹಾಗೆ ಉದ್ದಕ್ಕೆ ಒಂದು 'ಸ್ಸ್‌'. ಗೊರಸು ನೆಲಕ್ಕೆ ಉಜ್ಜಿದ ಸದ್ದು ಕೇಳಿತು.

"ಎದ್ದಿತು ಅಕ್ಕಾ!" ತಮ್ಮನ ಹೆಂಡತಿ ಕೂಗಿದಳು.

ಈಗ ಡಾಕ್ಟರಿಗೂ ತಮಾಷೆ ಮಾಡಲು ಧೈರ್ಯ ಬಂತು. "ಸೊಪ್ಪು ಭಾಳ ಚಲೋದೈತವ್ವಾ. ಆದ್ರ ಉಪಾಸ ಬಿಡೂಮುಂದ ಖಾಲಿ ಹೊಟ್ಟಿಗೆ ನೀವು ಪುಟ್ಟಿಗಟ್ಲೆ ಹೋಳಿಗಿ ಜಡೀತೀರೇನು?"

"ಜಡಿಯಾಂವ ಒಬ್ಬ ಅದಾನ್ರಿ, ನಿಮ್ಮ ಪಕ್ಕಕ್ಕ ನಿಂತಾನ್ ನೋಡ್ರಿ" ಎಂದಳು ಅವ್ವ. ತಮ್ಮ ನಕ್ಕದ್ದು ಇಲ್ಲಿಗೂ ಕೇಳಿತು.

"ಮೊದ್ಲು ಒಣ ಕಣಿಕಿ ಹಾಕ್ರಿ. ಆಮ್ಯಾಲೆ ಇದನ್ನ ಬಾಡಿಸಿ, ಒಂದೀಟೀಟು ರೂಢಿ ಮಾಡಿಸ್ರಿ."

ಡಾಕ್ಟರು ಊರಲ್ಲೇ ಸಿಕ್ಕರು. ಸಿಗ್ನಲ್ಲು ಕಡಿಯಲಿಲ್ಲ. ಅವ್ವನ ದನಿಗೆ ಜೀವ ಬಂತು. ಇಷ್ಟು ಕೊಟ್ಟ ವಿರೂಪಾಕ್ಷನನ್ನು ಇನ್ನೇನು ಕೇಳಲಿ?

"ಲೇ, ಇನ್ನಾ ಅದಿಯೇನು?" ಎಂದು ಅವ್ವ ಫೋನಿಗೆ ಬಂದಳು. "ಮೆಲುಕು ಹಾಕಾಕತ್ತೈತಿ. ನೀ ನಿನ್ನ ಕೆಲ್ಸ ನೋಡ್ಕೊ ಹೋಗು."

ಬೀದಿ ನಳದಲ್ಲಿ ನೀರು ಬಂದಿತ್ತು. ಕೊಡ ತೊಳೆದುಕೊಂಡು ಹೊರಗೆ ಹೋದೆ.